ಗುದ್ದಿಗೆ ಮರುಗುದ್ದು: ಮುಷ್ಟಿಯುದ್ಧದ ಒಳತಂತ್ರ



ಬಾಕ್ಸಿಂಗ್ ಎಂದರೆ ಬರಿಯ ತೋಳ್ಬಲದ ಸೆಣಸಾಟವೆಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಊರಿನ ಗರಡಿಯ ಕುಸ್ತಿಯನ್ನು ಕಂಡವರು ಹೀಗೆನ್ನಲಾರರು. ಅಲ್ಲಿ ಪಟ್ಟಿಗೆ ಪ್ರತಿಪಟ್ಟು ಇರುವಂತೆ ಇಲ್ಲಿಯೂ ಗುದ್ದಿಗೆ ಮರುಗುದ್ದು ಉಂಟು. ಅದು ಹೇಗೆ ಹುಟ್ಟುತ್ತದೆ, ಅದನ್ನು ತಡೆಯುವ ಬಗೆ ಯಾವುದು ಎಂಬುದನ್ನು ನಾವು ಇಲ್ಲಿ ಒಂದು ಪ್ರಸಿದ್ಧ ನಿದರ್ಶನದೊಡನೆ ವಿವೇಚಿಸೋಣ.

ಬಲಗೈ ಬಳಕೆಯವನು ಎಡಗಾಲನ್ನು ಮುಂದಿಟ್ಟು, ಮುಷ್ಟಿಗಳನ್ನು ಕೆನ್ನೆಯ ಮಟ್ಟದಲ್ಲಿ ಹಿಡಿದು ನಿಲ್ಲುತ್ತಾನೆ. ಮುಂದಿನ ಎಡಗೈಯಿಂದ ನೇರವಾಗಿ ಚಿಮ್ಮುವ ಚುರುಕು ಗುದ್ದು 'ಜ್ಯಾಬ್'. ಅದು ದೂರವನ್ನು ಅಳೆಯುತ್ತದೆ, ಎದುರಾಳಿಯ ನೋಟವನ್ನು ಕೆಡಿಸುತ್ತದೆ. ಹಿಂದಿನ ಬಲಗೈಯ ನೇರ ಗುದ್ದು 'ಕ್ರಾಸ್'. ಮೊಣಕೈ ಬಾಗಿಸಿ ಪಕ್ಕದಿಂದ ಬೀಸುವುದು 'ಹುಕ್'. ಹಿಂಗಾಲಿನ ಒತ್ತು ಸೊಂಟದ ತಿರುವಿನ ಮೂಲಕ ಮುಷ್ಟಿಗೆ ಹರಿದಾಗಲೇ ಕ್ರಾಸ್‌ಗೆ ಬಲ. ಅದು ಮುಗಿಯುವಾಗ ದೇಹದ ಭಾರ ಎಡಗಾಲಿಗೆ ಬಂದಿರುವುದರಿಂದ, ಅಲ್ಲಿಂದಲೇ ಎಡಗೈಯ ಹುಕ್ ಸಹಜವಾಗಿ ಹೊರಡುತ್ತದೆ. ಒಂದರ ಕೊನೆಯೇ ಇನ್ನೊಂದರ ಮೊದಲಾಗುವ ಇಂಥ ಸರಣಿಗೆ 'ಕಾಂಬಿನೇಷನ್' ಎಂದು ಹೆಸರು.

ಆದರೆ ಗುದ್ದಲು ಚಾಚಿದ ಕೈ ಮುಖವನ್ನು ಕಾಯಲಾರದು. ಮರುಗುದ್ದು ಬದುಕಿರುವುದು ಆ ಒಂದು ಕ್ಷಣದಲ್ಲಿ. ಎದುರಾಳಿಯ ಜ್ಯಾಬ್ ಬರುವಾಗ ತಲೆಯನ್ನು ಕೊಂಚ ಪಕ್ಕಕ್ಕೆ ಸರಿಸಿ, ಅವನ ತೋಳಿನ ಮೇಲಿನಿಂದ ಬಲಗೈ ಬೀಸುವುದು ಇದರ ಹಳೆಯ ಕ್ರಮ. ನಿಪುಣನು ಸುಮ್ಮನೆ ಕಾಯುವುದಿಲ್ಲ; ಹುಸಿ ಗುದ್ದು ತೋರಿಸಿ, ಇಲ್ಲವೇ ತನ್ನ ಕಾವಲನ್ನು ಬೇಕೆಂದೇ ತುಸು ಸಡಿಲಿಸಿ, ತನಗೆ ಬೇಕಾದ ಗುದ್ದನ್ನೇ ಎದುರಾಳಿಯಿಂದ ಹೊರಡಿಸುತ್ತಾನೆ.

1936ರ ಜೂನ್ 19ರಂದು ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ, ಅದುವರೆಗೆ ವೃತ್ತಿಜೀವನದಲ್ಲಿ ಸೋಲರಿಯದ ಜೋ ಲೂಯಿಯನ್ನು ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಎದುರಿಸಿದನು. ಲೂಯಿಯ ಪಂದ್ಯಗಳ ಚಲನಚಿತ್ರಗಳನ್ನು ಪರಿಶೀಲಿಸಿದ್ದ ಶ್ಮೆಲಿಂಗ್ ಒಂದು ದೋಷವನ್ನು ಕಂಡುಕೊಂಡಿದ್ದನು: ಜ್ಯಾಬ್ ಎಸೆದ ಬಳಿಕ ಲೂಯಿಯ ಎಡಗೈ ಕೆಳಗಿಳಿಯುತ್ತಿತ್ತು. ಆ ತೆರಪಿನಲ್ಲೇ ಬಲಗೈ ಮರುಗುದ್ದು ಮತ್ತೆ ಮತ್ತೆ ಎರಗಿತು. ನಾಲ್ಕನೆಯ ಸುತ್ತಿನಲ್ಲಿ ನೆಲಕ್ಕುರುಳಿದ ಲೂಯಿ, ಹನ್ನೆರಡನೆಯ ಸುತ್ತಿನಲ್ಲಿ ಸೋತನು. ಈ ಗೆಲುವನ್ನು ನಾಜಿಗಳು ತಮ್ಮ ಜನಾಂಗ ಶ್ರೇಷ್ಠತೆಯ ಪ್ರಚಾರಕ್ಕೆ ಬಳಸಿಕೊಂಡರು.

1938ರ ಜೂನ್ 22ರಂದು ಅದೇ ಕ್ರೀಡಾಂಗಣದಲ್ಲಿ ಇಬ್ಬರೂ ಮತ್ತೆ ಮುಖಾಮುಖಿಯಾದರು. ಆ ವೇಳೆಗೆ ವಿಶ್ವ ಚಾಂಪಿಯನ್ ಆಗಿದ್ದ ಲೂಯಿ ಗಂಟೆ ಬಾರಿಸಿದೊಡನೆ ಮುನ್ನುಗ್ಗಿ, ತಲೆಗೂ ಪಕ್ಕೆಗೂ ಸರಣಿ ಗುದ್ದುಗಳನ್ನಿಟ್ಟನು. 124 ಸೆಕೆಂಡುಗಳಲ್ಲಿ ಪಂದ್ಯ ಮುಗಿಯಿತು. ಮರುಗುದ್ದಿಗೆ ನೋಡುವ ವ್ಯವಧಾನ ಬೇಕು. ಕಾಂಬಿನೇಷನ್ ಆ ವ್ಯವಧಾನವನ್ನೇ ಕಸಿಯುತ್ತದೆ. ಮುಂದೆ ಈ ಇಬ್ಬರೂ ಆಪ್ತ ಗೆಳೆಯರಾದರೆಂಬುದು ಸಂತೋಷದ ಸಂಗತಿ.

ಎದುರಾಳಿಯ ಅಭ್ಯಾಸವನ್ನು ಓದಬೇಕು, ತನ್ನದನ್ನು ತಿದ್ದಿಕೊಳ್ಳಬೇಕು. ಈ ಕಲೆಯ ಸಾರ ಇಷ್ಟೇ. ನಮ್ಮ ಮಕ್ಕಳು ಕೈಗವಸು ತೊಡಲು ಬಯಸಿದರೆ, ಗುದ್ದಿದ ಕೈ ಒಡನೆಯೇ ಕೆನ್ನೆಗೆ ಮರಳುವುದೇ ಎಂಬುದನ್ನು ಮೊದಲು ಗಮನಿಸೋಣ. ತಲೆಯ ಪೆಟ್ಟಿನ ಅಪಾಯದಿಂದಾಗಿ ಅಮೆರಿಕ ಮತ್ತು ಕೆನಡಾದ ಮಕ್ಕಳ ವೈದ್ಯರ ಸಂಘಗಳು 2011ರಲ್ಲಿ ಎಳೆಯರ ಬಾಕ್ಸಿಂಗ್ ಅನ್ನು ವಿರೋಧಿಸಿವೆ. ಚೀಲಕ್ಕೆ ಗುದ್ದಿ ಪಡೆಯುವ ವ್ಯಾಯಾಮ ಬೇರೆ, ಪಂದ್ಯದ ಕಣ ಬೇರೆ. ಈ ಅಂತರವನ್ನು ಮನೆಯಲ್ಲಿ ಕುಳಿತು ಮಕ್ಕಳೊಡನೆ ಮಾತಾಡುವುದು ಹಿರಿಯರಾದ ನಮ್ಮೆಲ್ಲರ ಹೊಣೆ.