ಗಡಿಯಲ್ಲಿ ಫೋನ್ ತಪಾಸಣೆ: ನಂಬಿದ್ದೇನು, ನಿಜವೇನು?

ವಿದೇಶಕ್ಕೆ ಹೊರಟವರ ಮನೆಯಲ್ಲಿ ವಾರದಿಂದಲೇ ಸೂಟ್‌ಕೇಸ್ ತೂಕದ ಮಾತು ಶುರುವಾಗುತ್ತದೆ. ಚಟ್ನಿಪುಡಿ ಎಷ್ಟು, ಹಪ್ಪಳ ಎಷ್ಟು, ಉಪ್ಪಿನಕಾಯಿ ಒಯ್ಯಬಹುದೋ ಇಲ್ಲವೋ ಎಂದು ಹತ್ತು ಜನರನ್ನು ವಿಚಾರಿಸುತ್ತೇವೆ. ಜೇಬಿನ ಫೋನಿನಲ್ಲಿ ಏನೇನಿದೆ ಎಂದು ಮಾತ್ರ ನೋಡಿಕೊಳ್ಳುವುದಿಲ್ಲ. ಮಗಳ ಬಾಣಂತನಕ್ಕೆ ಹೊರಟ ತಾಯಿ, ಎಂ.ಎಸ್. ಓದಲು ಹೊರಟ ಹುಡುಗ, ರಜೆ ಮುಗಿಸಿ ಎಚ್-1ಬಿ ವೀಸಾದಲ್ಲಿ ಮರಳುವ ಎಂಜಿನಿಯರ್, ಎಲ್ಲರೂ ಅಮೆರಿಕದ ಇಮಿಗ್ರೇಷನ್ ಕೌಂಟರ್ ಮುಂದೆ ನಿಲ್ಲುವವರೇ. ಅಲ್ಲಿ ಅಧಿಕಾರಿ ಫೋನ್ ಕೇಳಿದರೆ ಏನಾಗುತ್ತದೆ ಎಂಬ ಬಗ್ಗೆ ನಮ್ಮ ನಡುವೆ ಓಡಾಡುವ ಮಾತುಗಳಲ್ಲಿ ಅರ್ಧ ಸುಮ್ಮನೆ ಹೆದರಿಸುತ್ತವೆ, ಅರ್ಧ ಸುಳ್ಳು ಧೈರ್ಯ ಕೊಡುತ್ತವೆ.

“ವಾರಂಟ್ ಇಲ್ಲದೆ ಫೋನ್ ಮುಟ್ಟುವ ಹಾಗಿಲ್ಲ”

ಈ ನಂಬಿಕೆ ಬುಡವಿಲ್ಲದ್ದೇನಲ್ಲ. ಬಂಧಿತನ ಫೋನನ್ನು ಪೊಲೀಸರು ನೋಡಬೇಕಾದರೆ ವಾರಂಟ್ ಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟ್ 2014ರಲ್ಲಿ ರೈಲಿ ಪ್ರಕರಣದಲ್ಲಿ ಹೇಳಿತು. ನಮ್ಮಲ್ಲೂ ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿದೆ. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2021ರಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ನಮ್ಮ ಹೈಕೋರ್ಟೇ ತನಿಖಾಧಿಕಾರಿಗಳು ಫೋನ್ ಶೋಧಿಸಲು ಅನುಸರಿಸಬೇಕಾದ ಕ್ರಮವನ್ನು ವಿವರವಾಗಿ ಹೇಳಿತು. ಇವೆಲ್ಲ ಹೆಮ್ಮೆಪಡಬೇಕಾದ ತೀರ್ಪುಗಳು.

ಆದರೆ ಇವು ದೇಶದೊಳಗಿನ ಮಾತು. ಒಳಗೆ ಬರುವ ವಸ್ತುಗಳನ್ನು ವಾರಂಟ್ ಇಲ್ಲದೆ ತಪಾಸಣೆ ಮಾಡುವ ಅಧಿಕಾರವನ್ನು ಅಮೆರಿಕದ ಕಾನೂನು ಗಡಿ ಅಧಿಕಾರಿಗಳಿಗೆ ಮೊದಲಿನಿಂದಲೂ ಕೊಟ್ಟಿದೆ. ಪೆಟ್ಟಿಗೆ, ಚೀಲಗಳಿಗೆಂದು ಹುಟ್ಟಿದ ಈ ಅಧಿಕಾರವೇ ಇಂದು ಒಬ್ಬ ಮನುಷ್ಯನ ಹತ್ತು ವರ್ಷದ ಬದುಕು ತುಂಬಿರುವ ಫೋನಿಗೂ ಅನ್ವಯವಾಗುತ್ತಿದೆ. ಇದು ಸರಿಯಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. ನ್ಯೂಯಾರ್ಕಿನ ಕೆಲವು ಜಿಲ್ಲಾ ನ್ಯಾಯಾಧೀಶರೂ ಗಡಿಯಲ್ಲಿ ಫೋನ್ ನೋಡಲು ವಾರಂಟ್ ಬೇಕೆಂದಿದ್ದಾರೆ. ಆದರೆ 2021ರಲ್ಲಿ ಬಾಸ್ಟನ್ನಿನ ಮೇಲ್ಮನವಿ ನ್ಯಾಯಾಲಯ ಬೇಡವೆಂದಿತು. ಸುಪ್ರೀಂ ಕೋರ್ಟ್ ಈ ಪ್ರಶ್ನೆಯನ್ನು ಇತ್ಯರ್ಥ ಮಾಡಿಲ್ಲ. ಅಲ್ಲಿಯವರೆಗೆ ಕೌಂಟರ್‌ನಲ್ಲಿ ನಿಂತು ವಾರಂಟ್ ಕೇಳಿ ಪ್ರಯೋಜನವಿಲ್ಲ.

ಸದ್ಯ ನಡೆಯುತ್ತಿರುವುದು ಅಮೆರಿಕದ ಕಸ್ಟಮ್ಸ್ ಮತ್ತು ಗಡಿ ರಕ್ಷಣಾ ಸಂಸ್ಥೆಯ (ಸಿಬಿಪಿ) ನಿರ್ದೇಶನದ ಪ್ರಕಾರ. ಅಧಿಕಾರಿ ಫೋನನ್ನು ಕೈಯಲ್ಲಿ ಹಿಡಿದು ಗ್ಯಾಲರಿ, ಮೆಸೇಜು ನೋಡುವುದಕ್ಕೆ ಯಾವ ಅನುಮಾನದ ಆಧಾರವೂ ಬೇಕಿಲ್ಲ. ಯಂತ್ರಕ್ಕೆ ಜೋಡಿಸಿ ಮಾಹಿತಿಯನ್ನು ಎಳೆದುಕೊಳ್ಳಬೇಕಾದರೆ ಮಾತ್ರ ಸಕಾರಣ ಅನುಮಾನ ಅಥವಾ ರಾಷ್ಟ್ರೀಯ ಭದ್ರತೆಯ ಕಾರಣ ಇರಬೇಕು, ಮೇಲಧಿಕಾರಿಯ ಒಪ್ಪಿಗೆಯೂ ಬೇಕು. ಹಾಗೆ ನಕಲು ಮಾಡಿಕೊಂಡ ಮಾಹಿತಿ 15 ವರ್ಷ ಸರ್ಕಾರದ ಕಡತದಲ್ಲಿ ಉಳಿಯುತ್ತದೆ ಎಂಬುದನ್ನು 2022ರಲ್ಲಿ ಸೆನೆಟರ್ ರಾನ್ ವೈಡನ್ ಬಯಲಿಗೆ ತಂದರು.

“ಈಗ ಎಲ್ಲರ ಫೋನನ್ನೂ ತೆಗೆಸಿ ನೋಡುತ್ತಾರಂತೆ”

ಇಲ್ಲ. 2024ರ ಹಣಕಾಸು ವರ್ಷದಲ್ಲಿ ಅಮೆರಿಕದ ಗಡಿ ದಾಟಿದವರು 42 ಕೋಟಿಗೂ ಹೆಚ್ಚು. ತಪಾಸಣೆಯಾದ ಸಾಧನಗಳು 47,047. ಅಂದರೆ ಸುಮಾರು ಒಂಬತ್ತು ಸಾವಿರಕ್ಕೆ ಒಂದು. ಅಮ್ಮನಿಗೆ ಇದನ್ನು ಹೇಳಿ, ನೆಮ್ಮದಿಯಾಗಿ ನಿದ್ದೆ ಮಾಡಲಿ.

“ವಾಟ್ಸ್ಆ್ಯಪ್ ಎನ್‌ಕ್ರಿಪ್ಟ್ ಆಗಿದೆ, ಏರೋಪ್ಲೇನ್ ಮೋಡ್ ಹಾಕಿದರೆ ಏನೂ ಕಾಣಿಸುವುದಿಲ್ಲ”

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಕಾಪಾಡುವುದು ದಾರಿಯಲ್ಲಿರುವ ಸಂದೇಶವನ್ನು. ಭದ್ರವಾಗಿ ಅಂಟಿಸಿದ ಲಕೋಟೆಯನ್ನು ಮನೆಯಲ್ಲಿ ಒಡೆದು ಮೇಜಿನ ಮೇಲಿಟ್ಟ ಮೇಲೆ ಅಂಟಿಗೆ ಏನು ಕೆಲಸ? ಲಾಕ್ ತೆಗೆದ ಫೋನು ಅಧಿಕಾರಿಯ ಕೈಗೆ ಹೋದರೆ ನೀವು ಓದಬಲ್ಲ ಪ್ರತಿಯೊಂದು ಸಂದೇಶವನ್ನೂ ಅವರು ಓದಬಲ್ಲರು.

ಏರೋಪ್ಲೇನ್ ಮೋಡ್ ವಿಷಯದಲ್ಲಿ ಅರ್ಧ ಸತ್ಯವಿದೆ. ಫೋನಿನಲ್ಲಿ ಇರುವುದನ್ನಷ್ಟೇ ನೋಡಬೇಕು, ನೆಟ್ ಸಂಪರ್ಕ ಕಡಿದು ನೋಡಬೇಕು, ಬೇರೆಡೆಯ ಸರ್ವರಿನಲ್ಲಿರುವುದನ್ನು ತೆರೆಯಬಾರದು ಎಂದು ಅದೇ ಸಿಬಿಪಿ ನಿರ್ದೇಶನ ಹೇಳುತ್ತದೆ. ಆದರೆ ಚಾಟ್‌ಗಳು, ಡೌನ್‌ಲೋಡ್ ಆದ ಈಮೇಲ್‌ಗಳು, ಗ್ಯಾಲರಿಯ ಚಿತ್ರಗಳು ಫೋನಿನಲ್ಲೇ ಕೂತಿರುತ್ತವಲ್ಲ.

ನಿಮ್ಮ ಗ್ಯಾಲರಿಯನ್ನೊಮ್ಮೆ ತೆರೆದು ನೋಡಿ. ಅಪಾರ್ಟ್‌ಮೆಂಟ್ ಗ್ರೂಪಿನ ಗುಡ್ ಮಾರ್ನಿಂಗ್ ಹೂವು, ದೂರದ ನೆಂಟರೊಬ್ಬರು ಫಾರ್ವರ್ಡ್ ಮಾಡಿದ ರಾಜಕೀಯ ಪೋಸ್ಟರು, ಎಲ್ಲೋ ನಡೆದ ಹಲ್ಲೆಯ ವಿಡಿಯೊ, ಯಾರದೋ ಆಧಾರ್ ಕಾರ್ಡು. ಇವುಗಳಲ್ಲಿ ಒಂದನ್ನೂ ನೀವು ಬೇಕೆಂದು ಇಟ್ಟುಕೊಂಡದ್ದಲ್ಲ, ವಾಟ್ಸ್ಆ್ಯಪ್ ತಾನಾಗಿ ಇಳಿಸಿಟ್ಟದ್ದು. ಕನ್ನಡ ಬಾರದ, ನಿಮ್ಮ ಗ್ರೂಪುಗಳ ರೂಢಿ ಗೊತ್ತಿಲ್ಲದ ಅಧಿಕಾರಿಗೆ ಅದು ತಿಳಿಯುವುದು ಹೇಗೆ? ಅವರ ಪಾಲಿಗೆ ಅದು ನಿಮ್ಮ ಫೋನಿನಲ್ಲಿ ಸಿಕ್ಕ ಚಿತ್ರ. ಆಟೊ ಡೌನ್‌ಲೋಡನ್ನೂ ಮೀಡಿಯಾ ವಿಸಿಬಿಲಿಟಿಯನ್ನೂ ಇವತ್ತೇ ಆಫ್ ಮಾಡಿ. ಪ್ರಯಾಣ ಇಲ್ಲದವರೂ ಮಾಡಬೇಕಾದ ಕೆಲಸ ಇದು.

“ಸಾಲಿನಲ್ಲಿ ನಿಂತಾಗ ಡಿಲೀಟ್ ಮಾಡಿಬಿಟ್ಟರೆ ಆಯಿತು”

ಐಫೋನಿನಲ್ಲಿ ಅಳಿಸಿದ ಚಿತ್ರ 30 ದಿನ ‘ರೀಸೆಂಟ್ಲಿ ಡಿಲೀಟೆಡ್’ನಲ್ಲಿ ಇರುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಚಿತ್ರ 60 ದಿನ ಟ್ರ್ಯಾಶ್‌ನಲ್ಲಿ ಉಳಿಯುತ್ತದೆ. ನೀವು ಅಳಿಸಿದ ಚಾಟ್ ಇನ್ನೊಬ್ಬರ ಫೋನಿನಲ್ಲಿ ಹಾಗೆಯೇ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಗಾಬರಿಯಲ್ಲಿ ಅಳಿಸುತ್ತಿರುವುದು ಕಣ್ಣಿಗೆ ಬಿದ್ದರೆ ಇಲ್ಲದ ಅನುಮಾನವೂ ಹುಟ್ಟುತ್ತದೆ. ಫೋನಿನಲ್ಲಿ ಬೇಡದ್ದನ್ನು ತೆಗೆಯುವುದಾದರೆ ಹೊರಡುವ ಮೊದಲು, ಮನೆಯಲ್ಲಿ ಕೂತು, ಸಮಾಧಾನವಾಗಿ ತೆಗೆಯಿರಿ. ಎತಿಹಾದ್ ವಿಮಾನದಲ್ಲಿ ಅಬುಧಾಬಿ ಮೂಲಕ ಹೋಗುವವರು ಇನ್ನೊಂದು ವಿಷಯ ತಿಳಿದಿರಲಿ: ಅಮೆರಿಕದ ಇಮಿಗ್ರೇಷನ್ ತಪಾಸಣೆ ಅಬುಧಾಬಿಯಲ್ಲೇ ಮುಗಿಯುತ್ತದೆ. ನ್ಯೂಯಾರ್ಕಿಗೆ ಇಳಿದ ಮೇಲೆ ನೋಡಿಕೊಳ್ಳೋಣ ಎನ್ನುವಂತಿಲ್ಲ.

“ಪಾಸ್‌ವರ್ಡ್ ಕೊಡಲ್ಲ ಅಂದರೆ ಏನು ಮಾಡುತ್ತಾರೆ?”

ನಿಮ್ಮ ಕೈಯಲ್ಲಿರುವ ಪಾಸ್‌ಪೋರ್ಟ್ ಯಾವುದು ಎಂಬುದರ ಮೇಲೆ ಉತ್ತರ ನಿಂತಿದೆ. ಅಮೆರಿಕದ ಪ್ರಜೆ ನಿರಾಕರಿಸಿದರೆ ಫೋನು ಇಟ್ಟುಕೊಳ್ಳಬಹುದು, ಆದರೆ ಆತನನ್ನು ದೇಶದೊಳಗೆ ಬಿಡಲೇಬೇಕು. ವೀಸಾ ಹಿಡಿದು ಹೋದ ಭಾರತೀಯನಿಗೆ ಆ ರಕ್ಷಣೆ ಇಲ್ಲ. ನಿರಾಕರಿಸುವುದು ಅಪರಾಧವಲ್ಲದಿದ್ದರೂ ಪ್ರವೇಶ ಕೊಡದೆ ಮುಂದಿನ ವಿಮಾನ ಹತ್ತಿಸಬಹುದು. ಅಮೆರಿಕದಲ್ಲೇ ಹುಟ್ಟಿ ಬೆಳೆದ ಸೋದರಸಂಬಂಧಿ “ನಾನು ಕೊಡಲಿಲ್ಲ, ಏನೂ ಆಗಲಿಲ್ಲ” ಎಂದರೆ ಆ ಧೈರ್ಯವನ್ನು ನೀವು ಸಾಲ ಪಡೆಯಬೇಡಿ.

ಬೇರೆ ದೇಶಗಳ ಕಾನೂನೇ ಬೇರೆ. ನ್ಯೂಜಿಲೆಂಡಿನಲ್ಲಿ 2018ರಿಂದ, ಸಕಾರಣ ಅನುಮಾನದ ಮೇಲೆ ಕಸ್ಟಮ್ಸ್ ಕೇಳಿದಾಗ ಪಾಸ್‌ವರ್ಡ್ ಕೊಡದಿದ್ದರೆ 5,000 ಡಾಲರ್‌ವರೆಗೆ ದಂಡ. ಬ್ರಿಟನ್ನಿನಲ್ಲಿ 2000ದ ಭಯೋತ್ಪಾದನಾ ಕಾಯ್ದೆಯ ಏಳನೆಯ ಅನುಸೂಚಿಯಡಿ ಯಾವ ಅನುಮಾನವೂ ಇಲ್ಲದೆ 6 ಗಂಟೆ ತಡೆದು ವಿಚಾರಿಸಬಹುದು. ಅಲ್ಲಿ ಪಾಸ್‌ವರ್ಡ್ ನಿರಾಕರಿಸಿದ ಮಾನವ ಹಕ್ಕು ಹೋರಾಟಗಾರ ಮುಹಮ್ಮದ್ ರಬ್ಬಾನಿ 2017ರಲ್ಲಿ ತಪ್ಪಿತಸ್ಥರೆಂದು ತೀರ್ಪಾಯಿತು.

“ನಾನೇನು ತಪ್ಪು ಮಾಡಿದ್ದೇನೆ, ಮುಚ್ಚಿಡಲು ಏನಿದೆ?”

ತಪ್ಪು ಮಾಡದವರ ಫೋನಿನಲ್ಲೂ ಬೇರೆಯವರ ಬದುಕು ಇರುತ್ತದೆ. ವಕೀಲರ ಫೋನಿನಲ್ಲಿ ಕಕ್ಷಿದಾರನ ಮಾತು, ವೈದ್ಯರ ಫೋನಿನಲ್ಲಿ ರೋಗಿಯ ಸ್ಕ್ಯಾನ್ ವರದಿ, ಎಂಜಿನಿಯರ್ ಲ್ಯಾಪ್‌ಟಾಪಿನಲ್ಲಿ ಕಂಪನಿಯ ಕೋಡ್. ಅದನ್ನು ತೋರಿಸಲು ಒಪ್ಪುವ ಹಕ್ಕು ನಿಮ್ಮೊಬ್ಬರದೇ ಅಲ್ಲ.

ಅಲ್ಲದೆ ಅಧಿಕಾರಿ ಹುಡುಕುವುದು ಅಪರಾಧವನ್ನಷ್ಟೇ ಅಲ್ಲ, ನಿಮ್ಮ ಮಾತಿಗೂ ವೀಸಾಕ್ಕೂ ತಾಳೆಯಾಗುತ್ತದೆಯೇ ಎಂಬುದನ್ನು. 2023ರ ಆಗಸ್ಟಿನಲ್ಲಿ ಅಮೆರಿಕದ ವಿಮಾನ ನಿಲ್ದಾಣಗಳಿಂದ ಸುಮಾರು 20 ಭಾರತೀಯ ವಿದ್ಯಾರ್ಥಿಗಳನ್ನು ವಾಪಸ್ ಕಳಿಸಿದಾಗ, ಅವರ ಫೋನ್ ಮತ್ತು ಚಾಟ್‌ಗಳನ್ನು ನೋಡಿದ್ದರೆಂದು ವರದಿಯಾಗಿತ್ತು. “ಹೋದ ತಕ್ಷಣ ಪಾರ್ಟ್ ಟೈಮ್ ಹಿಡೀತೀನಿ ಬಿಡೋ” ಎಂದು ಗೆಳೆಯನಿಗೆ ಹಾಕಿದ ಒಂದು ಸಾಲು ಸ್ಟೂಡೆಂಟ್ ವೀಸಾದಲ್ಲಿ ಹೋಗುವವನಿಗೆ ದೊಡ್ಡ ಪ್ರಶ್ನೆಯಾಗಬಹುದು. ಫೋನು ಮುಟ್ಟುವ ಮೊದಲೇ ತಪಾಸಣೆ ಶುರುವಾಗಿರುತ್ತದೆ ಎಂಬುದೂ ನೆನಪಿರಲಿ: ಡಿಎಸ್-160 ವೀಸಾ ಅರ್ಜಿಯಲ್ಲಿ ಐದು ವರ್ಷಗಳ ಸಾಮಾಜಿಕ ಜಾಲತಾಣ ಖಾತೆಗಳನ್ನು 2019ರಿಂದಲೇ ಕೇಳುತ್ತಿದ್ದಾರೆ. 2025ರ ಜೂನ್‌ನಿಂದ ವಿದ್ಯಾರ್ಥಿಗಳಿಗೆ, ಡಿಸೆಂಬರ್‌ನಿಂದ ಎಚ್-1ಬಿ, ಎಚ್-4 ಅರ್ಜಿದಾರರಿಗೂ ಆ ಖಾತೆಗಳನ್ನು ಪಬ್ಲಿಕ್ ಮಾಡಿಡಲು ಸೂಚನೆಯಿದೆ.

ಹಾಗಾದರೆ ಮಾಡಬೇಕಾದ್ದೇನು? ಪ್ರಯಾಣಕ್ಕೆ ಬೇಡದ್ದನ್ನು ಒಯ್ಯಬೇಡಿ. ಬ್ಯಾಕಪ್ ಮಾಡಿ, ಕಚೇರಿಯ ಖಾತೆಗಳಿಂದ ಲಾಗೌಟ್ ಆಗಿ. ಕೌಂಟರ್ ತಲುಪುವ ಮೊದಲು ಫೋನನ್ನು ಪೂರ್ತಿ ಸ್ವಿಚ್ ಆಫ್ ಮಾಡಿ. ಮತ್ತೆ ಆನ್ ಮಾಡಿದಾಗ ಬೆರಳಚ್ಚು, ಮುಖ ಯಾವುದೂ ನಡೆಯುವುದಿಲ್ಲ, ಪಾಸ್‌ಕೋಡ್ ಹಾಕುವವರೆಗೆ ಮಾಹಿತಿ ಬೀಗದಲ್ಲೇ ಇರುತ್ತದೆ. ಬೋರ್ಡಿಂಗ್ ಪಾಸ್, ವಿಳಾಸ, ಮಕ್ಕಳ ಫೋನ್ ನಂಬರುಗಳನ್ನು ಕಾಗದದ ಮೇಲೂ ಬರೆದಿಟ್ಟುಕೊಳ್ಳಿ. ಯಾವ ಕಾರಣಕ್ಕೂ ಸುಳ್ಳು ಹೇಳಬೇಡಿ. ಸುಳ್ಳು ಹೇಳಿ ಪ್ರವೇಶ ಪಡೆಯಲು ಯತ್ನಿಸಿದರೆಂದು ದಾಖಲಾದರೆ ಅಮೆರಿಕದ ಬಾಗಿಲು ಜೀವನಪೂರ್ತಿ ಮುಚ್ಚಬಹುದು. ಫೋನನ್ನು ಇಟ್ಟುಕೊಂಡರೆ ರಸೀದಿ ಕೇಳಿ ಪಡೆಯಿರಿ, ಅಧಿಕಾರಿಯ ಹೆಸರು ಬರೆದುಕೊಳ್ಳಿ. ಪಾಸ್‌ಕೋಡ್ ಕೊಟ್ಟಿದ್ದರೆ ಹೊರಬಂದ ಕೂಡಲೇ ಬದಲಿಸಿ.