ಹೊಟ್ಟೆ ಕೆಟ್ಟರೆ ಕೀಲು ಊದುವುದೇಕೆ?

‘ಆಮಶಂಕೆ’ ಎಂಬುದು ಹೊಟ್ಟೆಯ ರೋಗ. ‘ಆಮವಾತ’ ಎಂಬುದು ಕೀಲಿನ ರೋಗ. ಎರಡರ ತಲೆಯಲ್ಲಿಯೂ ‘ಆಮ’ವೇ ಕುಳಿತಿದೆ. ಜೀರ್ಣವಾಗದೆ ಉಳಿದ ಅನ್ನರಸವು ವಾತದೊಡನೆ ಕೂಡಿ ಸಂಧಿಗಳನ್ನು ಸೇರಿದಾಗ ಅವು ಊದಿ ಬಿಗಿದುಕೊಳ್ಳುತ್ತವೆಂದು ‘ಮಾಧವನಿದಾನ’ದಲ್ಲಿ ಒಂದು ಅಧ್ಯಾಯವೇ ಉಂಟು. ಇದನ್ನು ಹಿಡಿದುಕೊಂಡು ‘ಎಲ್ಲವೂ ನಮ್ಮ ಹಿರಿಯರಿಗೆ ಗೊತ್ತಿತ್ತು’ ಎನ್ನುವವರ ಸಾಲಿನಲ್ಲಿ ನಾನು ನಿಲ್ಲಲಾರೆ. ಜೀವಾಣುವನ್ನು ಕಾಣದವರು ಜೀವಾಣುವಿನ ಮಾತನ್ನೇ ಆಡಿದರೆಂದು ಹೇಳುವುದು ಅವರಿಗೂ ಮಾಡುವ ಅನ್ಯಾಯ. ಆದರೆ ಹೊಟ್ಟೆಗೂ ಕೀಲಿಗೂ ಏನೋ ನಂಟಿದೆಯೆಂಬುದು ಅವರ ಕಣ್ಣಿಗೆ ಬಿದ್ದಿತ್ತು. ಆ ನಂಟು ಎಂಥದೆಂದು ತಿಳಿಯತೊಡಗಿದ್ದು ಮಾತ್ರ ತೀರ ಈಚೆಗೆ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು — ಒಂದು ಕಾಲಕ್ಕೆ ಧಾರವಾಡ ಜಿಲ್ಲೆಯಲ್ಲಿದ್ದು 1997ರಿಂದ ಹಾವೇರಿ ಜಿಲ್ಲೆಗೆ ಸೇರಿದ ಈ ತಾಲೂಕುಗಳ ರೋಗಿಗಳನ್ನು ನಾನು ಬಹುಕಾಲ ನೋಡಿದ್ದೇನೆ. ಹಾನಗಲ್ಲ, ಹಿರೇಕೆರೂರುಗಳು ಮಲೆನಾಡಿನ ಸೆರಗಿನ ಕೆರೆ-ಗದ್ದೆಗಳ ಸೀಮೆ. ಶಿಗ್ಗಾಂವಿ, ಸವಣೂರುಗಳು ಬಯಲಿನತ್ತ ಮುಖ ಮಾಡಿದವು. ಎಲ್ಲಿಯೇ ಆಗಲಿ, ಮುಂಗಾರಿನ ಹೊಸ ನೀರಿಗೆ ಹೊಟ್ಟೆ ಕೆಡುವುದು ವಾಡಿಕೆ. ನಾಲ್ಕು ದಿನ ರಕ್ತ, ಲೋಳೆ ಬೀಳುತ್ತದೆ, ಮಜ್ಜಿಗೆ ಅನ್ನ ಉಂಡು ಮಲಗುತ್ತಾರೆ, ಗುಣವಾಗುತ್ತದೆ, ಮರೆಯುತ್ತಾರೆ. ಎರಡು ಮೂರು ವಾರ ಕಳೆದ ಮೇಲೆ ಒಂದು ಮೊಣಕಾಲೋ ಹಿಮ್ಮಡಿಯೋ ಊದಿಕೊಂಡು ನೆಲಕ್ಕೆ ಕಾಲೂರಲಾಗದಂತಾಗುತ್ತದೆ. ಕೆಲವರಿಗೆ ಕಣ್ಣು ಕೆಂಪಾಗುತ್ತದೆ, ಮೂತ್ರ ಉರಿಯುತ್ತದೆ. ಇಂಥ ತರುಣನೊಬ್ಬನನ್ನು ಆಮಶಂಕೆಯ ಬಗೆಗೆ ಕೇಳಿದಾಗ ಅವನೆಂದದ್ದು: “ಹೊಟ್ಟಿ ಕೆಟ್ಟದ್ದು ಹ್ವಾದ ಅಮಾಸಿಗೆ, ಮಣಕಾಲ ಬಾತದ್ದು ಈಗ. ಅದಕ್ಕೂ ಇದಕ್ಕೂ ಏನ ಸಂಬಂಧರೀ?” ಅವನ ಪ್ರಶ್ನೆ ಸಣ್ಣದಲ್ಲ. ವೈದ್ಯಲೋಕವೇ ಅದನ್ನು ಬಹುದಿನ ಕೇಳಿಕೊಳ್ಳುತ್ತಿತ್ತು.

1916ರಲ್ಲಿ, ಮೊದಲನೆಯ ಮಹಾಯುದ್ಧದ ನಡುವೆ, ಫ್ರಾನ್ಸಿನ ಫಿಸ್ಸಿಂಜರ್ ಮತ್ತು ಲೆರಾಯ್ ಎಂಬ ವೈದ್ಯರೂ ಜರ್ಮನಿಯ ಹಾನ್ಸ್ ರೈಟರ್ ಎಂಬವನೂ ಸೈನಿಕರಲ್ಲಿ ಈ ರೋಗವನ್ನು ಕಂಡು ಬೇರೆಬೇರೆಯಾಗಿ ಬರೆದರು. ಬಹುಕಾಲ ಅದಕ್ಕೆ ರೈಟರನ ಹೆಸರೇ ಇತ್ತು. ಅವನು ಮುಂದೆ ನಾಜಿ ಆಡಳಿತದಲ್ಲಿ ದೊಡ್ಡ ಅಧಿಕಾರಿಯಾಗಿ, ಸೆರೆಶಿಬಿರದ ಬಂದಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಪಾಲುಗೊಂಡವನೆಂದು ಹೊರಬಿದ್ದ ಮೇಲೆ ವೈದ್ಯರು ಆ ಹೆಸರನ್ನು ಕೈಬಿಟ್ಟರು. ಬಿಟ್ಟದ್ದು ಒಳ್ಳೆಯದೇ ಆಯಿತು. 1944ರಲ್ಲಿ ಫಿನ್ಲೆಂಡಿನ ಸೇನೆಯಲ್ಲಿ ಆಮಶಂಕೆಯ ದೊಡ್ಡ ಪಿಡುಗು ಹಬ್ಬಿತು. ಸುಮಾರು ಒಂದೂವರೆ ಲಕ್ಷ ಮಂದಿ ಮಲಗಿದರು. ಅವರ ಪೈಕಿ ಕೀಲು, ಕಣ್ಣುಗಳ ಈ ರೋಗಕ್ಕೆ ಸಿಕ್ಕವರು 344 ಮಂದಿ ಎಂದು ಪಾರೋನೆನ್ ಎಂಬ ವೈದ್ಯ ಲೆಕ್ಕವಿಟ್ಟ. ಒಂದೇ ಪಿಡುಗು, ಒಂದೇ ರೋಗಾಣು. ಆದರೂ ಇಷ್ಟೇ ಜನಕ್ಕೆ ಏಕೆ?

ಉತ್ತರದ ಒಂದು ತುಂಡು 1973ರಲ್ಲಿ ದೊರೆಯಿತು. ನಮ್ಮ ಜೀವಕೋಶಗಳ ಮೈಮೇಲೆ, ಒಳಗೆ ಸಿಕ್ಕ ಪರಕೀಯ ವಸ್ತುವಿನ ಚೂರನ್ನು ಎತ್ತಿ ಹಿಡಿದು ಕಾವಲು ಕೋಶಗಳಿಗೆ ತೋರಿಸುವ ತಟ್ಟೆಗಳಂಥ ಪ್ರೋಟೀನುಗಳಿವೆ. ಹುಟ್ಟಿನಿಂದಲೇ ಬರುವ ಇವುಗಳಲ್ಲಿ ‘ಬಿ-27’ ಎಂಬ ಬಗೆ ಉಳ್ಳವರಲ್ಲಿ ಈ ಕೀಲುರೋಗವೂ ಬೆನ್ನೆಲುಬು ಬಿಗಿದುಕೊಳ್ಳುವ ಇನ್ನೊಂದು ರೋಗವೂ ಬಹಳ ಹೆಚ್ಚು. ಇನ್ನೊಂದು ತುಂಡು 1994ರದು. ಮನುಷ್ಯನ ಬಿ-27 ವಂಶವಾಹಿಯನ್ನು ಸೇರಿಸಿದ ಇಲಿಗಳಿಗೆ ಕರುಳು, ಕೀಲುಗಳ ಉರಿಯೂತ ತಾನಾಗಿಯೇ ಬರುತ್ತಿತ್ತು. ಅದೇ ಇಲಿಗಳನ್ನು ಜೀವಾಣುಗಳ ಸೋಂಕೇ ಇಲ್ಲದ ಗೂಡಿನಲ್ಲಿ ಬೆಳೆಸಿದಾಗ ಅದು ಬರಲಿಲ್ಲ. ಹುಟ್ಟಿನ ಗುಣ ಮದ್ದಾದರೆ ಕಿಡಿ ಹೊಟ್ಟೆಯ ಜೀವಾಣುಗಳದು.

ಹಾಗಾದರೆ ಜೀವಾಣುಗಳು ಕರುಳಿನಿಂದ ಮೊಣಕಾಲಿಗೆ ನಡೆದು ಬಂದವೇ? ಇಲ್ಲ. ಊದಿದ ಕೀಲಿನ ನೀರನ್ನು ತೆಗೆದು ಬೆಳೆಸಿ ನೋಡಿದರೆ ಏನೂ ಹುಟ್ಟುವುದಿಲ್ಲ. ಆದರೆ 1989ರ ಹೊತ್ತಿಗೆ ಆ ನೀರಿನ ಕಣಗಳಲ್ಲಿ ಸತ್ತ ಜೀವಾಣುಗಳ ಚೂರುಪಾರುಗಳನ್ನು ವಿಜ್ಞಾನಿಗಳು ಗುರುತಿಸಿದರು. ಕರುಳಿನ ಒಳಗೋಡೆ ಒಂದೇ ಕೋಶದಷ್ಟು ತೆಳು. ಅದರ ಆಚೆ ಕೋಟಿಗಟ್ಟಲೆ ಜೀವಾಣುಗಳು — ಮೈಯ ಕೋಶಗಳು ಎಷ್ಟೋ ಹೆಚ್ಚುಕಡಿಮೆ ಅಷ್ಟೇ, ಎಂಬುದು 2016ರ ಲೆಕ್ಕ. ಈಚೆ ದೇಹದ ರಕ್ಷಣಾ ಸೈನ್ಯದ ಬಹುದೊಡ್ಡ ಠಾಣ್ಯ. ಆಮಶಂಕೆಯ ರೋಗಾಣು ಗೋಡೆಯನ್ನು ಕೆಡವಿದಾಗ ಕೆರಳಿದ ಸೈನಿಕ ಕಣಗಳು ಶತ್ರುವಿನ ಚೂರುಗಳನ್ನು ಹೊತ್ತು ರಕ್ತದ ದಾರಿಯಲ್ಲಿ ದೂರದ ಕೀಲನ್ನು ಸೇರಿ, ಅಲ್ಲಿಯೂ ಕಾಳಗ ಹೂಡುತ್ತವೆಂದು ಈಗಿನ ತಿಳಿವಳಿಕೆ. ಉರಿಯೂತವೆಂದರೆ ಆ ಕಾಳಗದ ಹೊಗೆ.

ಕರುಳಿನ ಕಾಯಂ ನಿವಾಸಿಗಳ ಬಗೆಗೆ ಆತುರದ ತೀರ್ಪು ಸಲ್ಲದು. 2013ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಹೊಸದಾಗಿ ಸಂಧಿವಾತ ಹಿಡಿದವರ ಕರುಳಿನಲ್ಲಿ ‘ಪ್ರೆವೊಟೆಲ್ಲಾ’ ಎಂಬ ಕುಲದ ಜೀವಾಣುವೊಂದು ಹೆಚ್ಚಾಗಿರುವುದನ್ನು ಕಂಡರು. ಆದರೆ ಕಾಳುಕಡಿ, ಸೊಪ್ಪು, ರೊಟ್ಟಿಗಳನ್ನುಂಡು ಬೆಳೆದ ಆರೋಗ್ಯವಂತ ಭಾರತೀಯರಲ್ಲಿಯೂ ಈ ಕುಲದವು ಹೇರಳ. ಅಲ್ಲಿ ಕಳ್ಳನೆನಿಸಿಕೊಂಡವನ ನೆಂಟರು ಇಲ್ಲಿ ಮನೆಯಾಳುಗಳು! ಹೊಟ್ಟೆಯನ್ನು ‘ಶುದ್ಧ’ ಮಾಡುತ್ತೇವೆಂದು ಪುಡಿ, ಕಷಾಯ ಮಾರುವವರಿಗೆ ಇದನ್ನು ಯಾರಾದರೂ ಹೇಳಬೇಕು.

ಹೊಟ್ಟೆಯೊಂದೇ ಬಾಗಿಲಲ್ಲ. ಕೆಲವು ಗುಹ್ಯ ರೋಗಗಳ ಬೆನ್ನಲ್ಲಿಯೂ ಇದೇ ಕೀಲುರೋಗ ಬರುತ್ತದೆ. ನಾಚಿಕೆಯಿಂದ ಹೇಳದವರೇ ಹೆಚ್ಚು. 2006ರಲ್ಲಿ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಮಿಕ್ಕ ಜನಕ್ಕೆ ಚಿಕೂನ್‌ಗುನ್ಯಾ ತಗಲಿರಬಹುದೆಂದು ಸರ್ಕಾರಿ ಲೆಕ್ಕ. ಜ್ವರ ಇಳಿದರೂ ತಿಂಗಳುಗಟ್ಟಲೆ ಬೆರಳು ಮಡಿಸಲಾಗದವರನ್ನು ನಾವೆಲ್ಲ ಕಂಡೆವು.

ಆಮಶಂಕೆಯ ಬೆನ್ನಿಗೆ ಬಂದ ಬಾವು ಬಹುಮಂದಿಯಲ್ಲಿ ಆರು ತಿಂಗಳೊಳಗೆ, ಕೆಲವರಲ್ಲಿ ವರ್ಷದೊಳಗೆ ಇಳಿಯುತ್ತದೆ. ಕೀಲಿನಲ್ಲಿ ಬದುಕಿದ ಜೀವಾಣುವೇ ಇಲ್ಲದ್ದರಿಂದ ಜೀವಾಣುನಾಶಕ ಗುಳಿಗೆ ಅಲ್ಲಿ ಹೆಚ್ಚೇನೂ ಮಾಡದು. ಸಂತೆಯ ದಿನ ಹೋಗಿ ಸ್ಟೀರಾಯ್ಡ್ ಸೂಜಿ ಚುಚ್ಚಿಸಿಕೊಂಡು ಬರುವವನಿಗೆ ಅಂದು ಹಾಯೆನಿಸುತ್ತದೆ, ನಿಜ; ಅದನ್ನೇ ವಾಡಿಕೆ ಮಾಡಿಕೊಂಡರೆ ಎಲುಬು ಸವೆದು, ಸಕ್ಕರೆ ಏರುತ್ತದೆ. ತಿಂಗಳ ಹಿಂದಿನ ಆಮಶಂಕೆಯನ್ನು ರೋಗಿ ಬಾಯಿಬಿಟ್ಟು ಹೇಳಿದರೆ ವೈದ್ಯನ ಅರ್ಧ ಕೆಲಸ ಮುಗಿದಂತೆ.

ಮಕ್ಕಳದು ಮಾತ್ರ ಬೇರೆ ಕಥೆ. ಐದರಿಂದ ಹದಿನೈದು ವರ್ಷದೊಳಗಿನ ಮಗುವಿಗೆ ಗಂಟಲು ಬೇನೆ ಬಂದು ಹೋಗಿ, ಎರಡು ಮೂರು ವಾರಗಳ ಮೇಲೆ ಜ್ವರದೊಡನೆ ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುವ ನೋವು ಕಾಣಿಸಿಕೊಂಡರೆ ತಡಮಾಡಬಾರದು. ಗಂಟಲಿನ ಸ್ಟ್ರೆಪ್ಟೊಕಾಕಸ್ ಜೀವಾಣುವಿನ ಪ್ರೋಟೀನು ಹೃದಯದ ಪ್ರೋಟೀನನ್ನು ಹೋಲುತ್ತದೆ. ಮೋಸಹೋದ ಸೈನ್ಯ ಹೃದಯದ ಕವಾಟಗಳ ಮೇಲೆ ಏರಿಹೋಗುತ್ತದೆ. ಕೀಲು ತಾನಾಗಿ ಸರಿಹೋಗುತ್ತದೆ, ಕವಾಟ ಹೋಗದು. ಇಲ್ಲಿ ಮದ್ದು ಕೈಯಳತೆಯಲ್ಲಿದೆ, ಅಗ್ಗವೂ ಹೌದು: ಗಂಟಲು ಬೇನೆಗೆ ಸಕಾಲದಲ್ಲಿ ಪೆನಿಸಿಲಿನ್, ರೋಗ ಒಮ್ಮೆ ಬಂದುಹೋದ ಮಗುವಿಗೆ ಮೂರು ನಾಲ್ಕು ವಾರಕ್ಕೊಂದರಂತೆ ವರ್ಷಗಟ್ಟಲೆ ಅದೇ ಪೆನಿಸಿಲಿನ್ನಿನ ಚುಚ್ಚುಮದ್ದು. ಮಗು ಆಡಿಕೊಂಡಿದೆಯಲ್ಲ ಎಂದು ತಂದೆತಾಯಿಗಳು ಎರಡನೆಯ ವರ್ಷಕ್ಕೆ ನಿಲ್ಲಿಸುತ್ತಾರೆ. ಸುಗ್ಗಿಯಿರಲಿ, ಜಾತ್ರೆಯಿರಲಿ, ವೈದ್ಯರು ಬರೆದುಕೊಟ್ಟ ಆ ತಾರೀಖು ತಪ್ಪಬಾರದು.