ಸೋಂಕಿತರ ಸಂಖ್ಯೆಯನ್ನು ಅಂದಾಜು ಮಾಡುವ ಬಗೆ

ಸಾಂಕ್ರಾಮಿಕ ರೋಗವೊಂದು ನಾಡನ್ನು ವ್ಯಾಪಿಸಿದಾಗ ದಿನದಿನವೂ ಪ್ರಕಟವಾಗುವ ಅಂಕಿಗಳು ಸೋಂಕು ತಗುಲಿದವರೆಲ್ಲರ ಎಣಿಕೆಯಲ್ಲ. ಪರೀಕ್ಷೆಯಿಂದ ಸೋಂಕು ದೃಢಪಟ್ಟವರ ಎಣಿಕೆ ಮಾತ್ರ. ರೋಗಲಕ್ಷಣವೇ ತೋರದವರೂ ಪರೀಕ್ಷೆಯ ಅನುಕೂಲವಿಲ್ಲದವರೂ ಈ ಲೆಕ್ಕದಿಂದ ಹೊರಗುಳಿಯುತ್ತಾರೆ. ಹಾಗಾದರೆ ನಿಜವಾದ ಸಂಖ್ಯೆಯನ್ನು ತಿಳಿಯುವುದೆಂತು?

ಸೋಂಕು ತಗುಲಿದ ಕೆಲವು ವಾರಗಳಲ್ಲಿ ದೇಹವು ಆ ರೋಗಾಣುವಿಗೆ ಎದುರಾಗಿ ಪ್ರತಿಕಾಯಗಳನ್ನು ನಿರ್ಮಿಸುತ್ತದೆ. ಆದುದರಿಂದ ಯಾದೃಚ್ಛಿಕವಾಗಿ ಆರಿಸಿದ ಜನರ ರಕ್ತವನ್ನು ಪರೀಕ್ಷಿಸಿದರೆ ಹಿಂದೆ ಬಂದುಹೋದ ಸೋಂಕಿನ ಗುರುತು ದೊರೆಯುತ್ತದೆ. ಆದರೆ ಯಾವ ಪರೀಕ್ಷೆಯೂ ಸಂಪೂರ್ಣವಾಗಿ ದೋಷರಹಿತವಲ್ಲ.

1,000 ಜನರಲ್ಲಿ 10 ಮಂದಿಗೆ ಸೋಂಕು ತಗುಲಿದೆಯೆಂದು ಇಟ್ಟುಕೊಳ್ಳೋಣ. ಪರೀಕ್ಷೆಯು ಸೋಂಕಿತರಲ್ಲಿ ನೂರಕ್ಕೆ 90 ಮಂದಿಯನ್ನು ಗುರುತಿಸಲಿ. ಸೋಂಕಿಲ್ಲದವರಲ್ಲಿ ನೂರಕ್ಕೆ ಒಬ್ಬರನ್ನು ತಪ್ಪಾಗಿ ಸೋಂಕಿತರೆನ್ನಲಿ. ಆಗ ಸರಿಯಾಗಿ 9 ಮಂದಿ, ತಪ್ಪಾಗಿ ಸುಮಾರು 10 ಮಂದಿ, ಒಟ್ಟು 19 ಮಂದಿ ಸೋಂಕಿತರೆಂದು ತೋರುತ್ತಾರೆ. ಇದು ನಿಜಸಂಖ್ಯೆಯ ಹೆಚ್ಚುಕಡಿಮೆ ಇಮ್ಮಡಿ. ಇದನ್ನು ತಿದ್ದುವ ಸೂತ್ರವನ್ನು ರೋಗನ್ ಮತ್ತು ಗ್ಲಾಡೆನ್ 1978ರಲ್ಲಿ ವಿವರಿಸಿದರು: ತೋರಿಬಂದ ಶೇಕಡ 1.9ರಿಂದ ತಪ್ಪುಗುರುತಿನ ಶೇಕಡ 1ನ್ನು ಕಳೆದು, ಉಳಿದುದನ್ನು 0.89ರಿಂದ (0.90ರಲ್ಲಿ 0.01 ಕಳೆದುದು) ಭಾಗಿಸಿದರೆ ಶೇಕಡ 1 ಮರಳಿ ದೊರೆಯುತ್ತದೆ. 2020ರ ಮೇ-ಜೂನ್ ತಿಂಗಳುಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ನಡೆಸಿದ ಮೊದಲ ಸಮೀಕ್ಷೆಯಲ್ಲಿ ವಯಸ್ಕರ ಸೋಂಕಿನ ಪ್ರಮಾಣ ಶೇಕಡ 0.73 ಮಾತ್ರವಾಗಿತ್ತು. ಪ್ರಮಾಣ ಇಷ್ಟು ಅಲ್ಪವಾದಲ್ಲಿ ಈ ತಿದ್ದುಪಡಿಯೇ ನಿರ್ಣಾಯಕ.

ಕರ್ನಾಟಕದಲ್ಲಿ 2020ರ ಸೆಪ್ಟೆಂಬರಿನಲ್ಲಿ 16,585 ಜನರ ಸಮೀಕ್ಷೆ ನಡೆಯಿತು. ಹಿಂದೆ ಸೋಂಕು ತಗುಲಿದವರು, ಆಗ ಸೋಂಕುಳ್ಳವರು ಇಬ್ಬರನ್ನೂ ಸೇರಿಸಿದ ಪ್ರಮಾಣ ಶೇಕಡ 27.3, ಎಂದರೆ ರಾಜ್ಯದಲ್ಲಿ ಸುಮಾರು 1.93 ಕೋಟಿ ಜನ. ದಾಖಲೆಯಲ್ಲಿ ಕಾಣಿಸಿಕೊಂಡ ಪ್ರತಿಯೊಬ್ಬ ಸೋಂಕಿತನಿಗೆ ಸುಮಾರು 40 ಸೋಂಕುಗಳಿದ್ದುವು. ಸತ್ತವರ ಸಂಖ್ಯೆಯನ್ನು ದಾಖಲಾದವರಿಂದ ಭಾಗಿಸಿದರೆ ರೋಗದ ಮಾರಕತೆ ಒಂದು ತೆರನಾಗಿಯೂ, ಎಲ್ಲ ಸೋಂಕಿತರಿಂದ ಭಾಗಿಸಿದರೆ ಅದರ ನಲವತ್ತರಲ್ಲಿ ಒಂದು ಪಾಲಾಗಿಯೂ ಕಾಣುತ್ತದೆ. ಸಾವುಗಳೆಲ್ಲವೂ ದಾಖಲಾಗದಿದ್ದರೆ ಈ ಎರಡನೆಯ ಅಂಕಿಯೂ ನಿಜಕ್ಕಿಂತ ಕಡಮೆಯೇ.

ಸೋಂಕಿತರು ಬಹಳವಿದ್ದರೆಂದ ಮಾತ್ರಕ್ಕೆ ಅಪಾಯ ಕಳೆಯಿತೆಂದು ಭಾವಿಸಲಾಗದು. ಆ ಸಮೀಕ್ಷೆಯ ಲೆಕ್ಕದಲ್ಲಿಯೇ ಸೋಂಕು ತಗುಲದವರು ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಉಳಿದಿದ್ದರು. 2021ರ ಏಪ್ರಿಲ್-ಮೇ ತಿಂಗಳುಗಳ ಎರಡನೆಯ ಅಲೆ ಅದಕ್ಕೆ ಕಠೋರ ಸಾಕ್ಷಿಯಾಯಿತು. ಪ್ರತಿಕಾಯಗಳು ಕಾಲಕ್ರಮದಲ್ಲಿ ಕ್ಷೀಣಿಸುತ್ತವೆ, ಲಸಿಕೆಯಿಂದಲೂ ಉಂಟಾಗುತ್ತವೆ. ಆದಕಾರಣ ಇಂತಹ ಅಂಕಿಯನ್ನು ಓದುವಾಗ ಯಾರನ್ನು, ಎಂದು, ಯಾವ ಪರೀಕ್ಷೆಯಿಂದ ಎಣಿಸಲಾಯಿತೆಂಬುದನ್ನು ನಾವು ಮೊದಲು ಕೇಳಬೇಕು.